ಎಳೆಯೂ ನುಚ್ಚೂ

ಹೋದ ತಿಂಗಳು ಎರಡು ದಿನ ರಜೆ ಸಿಕ್ಕಿತ್ತು. ಹುಬ್ಬಳ್ಳಿಯಿಂದ ಗದಗಿನ ಬೆಟಗೇರಿಗೆ, ತವರಿಗೆ ಹೋಗಿದ್ದೆ. ನಾನು ಹೋದಾಗ ಅವ್ವ ಮಗ್ಗದ ಹತ್ತಿರ ಕೂತು ಉಂಕಿ ಕೆಚ್ಚುತ್ತಿದ್ದಳು. ಅಣ್ಣನ ಮಗಳು ಕಂಬಕ್ಕೆ ಒರಗಿ, ಒಂಬತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕ ತೊಡೆ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಬಾಯಿಪಾಠ ಮಾಡುತ್ತಿದ್ದಳು. ಮರುದಿನ ಟೆಸ್ಟ್ ಇತ್ತಂತೆ.

"ಮೈಟೋಕಾಂಡ್ರಿಯಾ ಜೀವಕೋಶದ ಶಕ್ತಿಕೇಂದ್ರ. ಮೈಟೋಕಾಂಡ್ರಿಯಾ ಜೀವಕೋಶದ ಶಕ್ತಿಕೇಂದ್ರ."

ಹತ್ತು ಹದಿನೈದು ಸಲ ಆಯಿತು. ಅವ್ವ ಕೈ ನಿಲ್ಲಿಸದೆ ಕೇಳಿದಳು: "ಅಲ್ಲಬೇ, ಮೈಯಾಗ ಎಂಥಾ ಕಾಂಡ ಅದು?"

ಹುಡುಗಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಅವ್ವನ ಪ್ರಶ್ನೆ ನಗುವಂಥದ್ದೇನೂ ಆಗಿರಲಿಲ್ಲ. ಅವಳು ಒಂದು ಶಬ್ದ ಕೇಳಿದಳು, ಅದರೊಳಗೆ ತನಗೆ ಗೊತ್ತಿದ್ದದ್ದು ಏನಾದರೂ ಇದೆಯಾ ಅಂತ ಹುಡುಕಿದಳು. ಮೈ ಸಿಕ್ಕಿತು, ಕಾಂಡ ಸಿಕ್ಕಿತು. ಎರಡೂ ತಪ್ಪು, ಸರಿ. ಆದರೆ ಆ ಶಬ್ದದ ಒಳಗೆ ನಿಜವಾಗಿಯೂ ಅವಳಿಗೆ ಗೊತ್ತಿದ್ದದ್ದೇ ಇದೆ. ಆ ಹೊತ್ತಿಗೆ ಅವಳ ಬೆರಳುಗಳ ನಡುವೆಯೇ ಇತ್ತು.

ಕೆಚ್ಚುವುದು ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳಬೇಕು. ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟಿದ ನೂಲು ಹಾಸು. ಲಾಳಿಯೊಳಗೆ ಕೂತು ಅಡ್ಡಡ್ಡ ಓಡಾಡುವುದು ಹೊಕ್ಕು. ಹಾಸು ಮಾಡಲು ಅಂತ ಸಜ್ಜು ಮಾಡಿದ ನೂಲಿಗೆ ನಮ್ಮ ಕಡೆ ಉಂಕಿ ಅನ್ನುತ್ತಾರೆ. ಒಂದು ಉಂಕಿ ನೇಯ್ದು ಮುಗಿಯುತ್ತಾ ಬಂದಾಗ ಅದರ ಬಾಲ ಮಗ್ಗದಲ್ಲೇ ಉಳಿಸುತ್ತಾರೆ. ಹೊಸ ಉಂಕಿಯ ಒಂದೊಂದು ಎಳೆಯನ್ನೂ ಆ ಬಾಲದ ಒಂದೊಂದು ಎಳೆಗೆ ಬೆರಳಲ್ಲಿ ಹೊಸೆದು ಕೂಡಿಸಬೇಕು. ಅದು ಕೆಚ್ಚು. ಸೀರೆಗೆ ಸಾವಿರಾರು ಎಳೆ. ಗಂಟು ಹಾಕುವ ಹಾಗಿಲ್ಲ, ಗಂಟು ಮಗ್ಗದ ಹಣಿಗೆಯಲ್ಲಿ, ಅಂದರೆ ಎಳೆಗಳು ಹಾದುಬರುವ ಬಾಚಣಿಗೆಯಂಥದ್ದರಲ್ಲಿ, ಸಿಕ್ಕಿಬೀಳುತ್ತದೆ. ಹೆಬ್ಬೆರಳು, ತೋರುಬೆರಳು, ಒಂದು ಚೂರು ಬೂದಿ, ಒಂದು ತಿರುವು. ಅವ್ವನ ಕೈಯಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ನಾನು ಚಿಕ್ಕವಳಿದ್ದಾಗ ಕೆಚ್ಚಿದ ಎಳೆಗಳು ನಾಲ್ಕರಲ್ಲಿ ಒಂದು ಬಿಚ್ಚಿಹೋಗುತ್ತಿತ್ತು. "ನೀ ಸಾಲೀನs ಕಲಿ" ಅಂದಿದ್ದಳು ಅವ್ವ.

ಸಾಲೀನೇ ಕಲಿತೆ. ಹತ್ತನೇ ತನಕ ಕನ್ನಡ ಮೀಡಿಯಂ. ಆಮೇಲೆ ಧಾರವಾಡದಲ್ಲಿ ಪಿಯುಸಿ ಸೈನ್ಸ್, ಎಲ್ಲ ಇಂಗ್ಲಿಷಿನಲ್ಲಿ. ಮೊದಲ ತಿಂಗಳಲ್ಲೇ ಬಯಾಲಜಿ ಕ್ಲಾಸಿನಲ್ಲಿ ನನ್ನನ್ನು ಎಬ್ಬಿಸಿ ಒಂದು ಪ್ಯಾರಾ ಓದಿಸಿದರು. ನಾನು ಅಕ್ಷರ ಕೂಡಿಸಿಕೊಂಡು "ಮಿಟೋಚೋಂಡ್ರಿಯಾ" ಅಂದೆ. ಇಡೀ ಕ್ಲಾಸು ಗೊಳ್ಳೆಂದಿತು. ಪಾಠ ಮಾಡುವವರೂ ನಕ್ಕರು. ಸರಿಯಾದ ಉಚ್ಚಾರ ಹೇಳಿಕೊಟ್ಟು, ಹತ್ತು ಸಲ ಬರೆದುಕೊಂಡು ಬಾ ಅಂದರು. ಬರೆದುಕೊಂಡು ಹೋದೆ. ಅದರ ಅರ್ಥ ಏನು ಅಂತ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಆ ಶಬ್ದಕ್ಕೆ ಅರ್ಥ ಅಂತ ಒಂದು ಇರಬಹುದು ಅನ್ನುವುದೇ ತಲೆಗೆ ಹೊಳೆದಿರಲಿಲ್ಲ. ಮಂತ್ರದ ಹಾಗೆ, ಸುಮ್ನೆ ಅನ್ನುವುದು.

ಅರ್ಥ ಸಿಕ್ಕಿದ್ದು ಬಹಳ ವರ್ಷ ಆದ ಮೇಲೆ. ನಾನು ಈಗ ಹುಬ್ಬಳ್ಳಿಯಲ್ಲಿ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಆಪರೇಷನ್ ಥೇಟರಿನಿಂದ ಫಾರ್ಮಲಿನ್ ಬಾಟಲಿಯಲ್ಲಿ ಬರುವ ತುಣುಕುಗಳನ್ನು ಕತ್ತರಿಸಿ, ಬಣ್ಣ ಹಾಕಿ, ಸ್ಲೈಡು ಮಾಡಿ ಡಾಕ್ಟರ ಮುಂದೆ ಇಡುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು, ಕೆಲಸ ಇರಲಿಲ್ಲ. ಕಪಾಟಿನಲ್ಲಿದ್ದ ಹಳೆ ಮೆಡಿಕಲ್ ಡಿಕ್ಷನರಿ ಕೈಗೆ ಬಂತು. ಪುಟ ತಿರುವುತ್ತಿದ್ದೆ. ಮೈಟೋಕಾಂಡ್ರಿಯಾ ಅಂತ ಇತ್ತು. ಗ್ರೀಕ್ ಭಾಷೆಯ 'ಮಿಟೋಸ್' ಅಂದರೆ ಎಳೆ, ದಾರ. 'ಕಾಂಡ್ರೋಸ್' ಅಂದರೆ ಕಾಳಿನ ಒಡೆದ ಚೂರು. ಅದರಿಂದ 'ಕಾಂಡ್ರಿಯೋನ್', ಸಣ್ಣ ಚೂರು.

ಒಡೆದ ಕಾಳಿನ ಚೂರು. ಅಂದರೆ ನುಚ್ಚು ಅಲ್ವಾ?

ಎಳೆ ಮತ್ತು ನುಚ್ಚು! ನಮ್ಮ ಮನೆಯ ಪಡಸಾಲೆಯಲ್ಲಿ ಒಂದು, ಅಡಿಗೆ ಮನೆಯಲ್ಲಿ ಇನ್ನೊಂದು. ಹತ್ತು ಸಲ ಬರೆಸಿದ ಶಬ್ದದಲ್ಲಿ ನಮ್ಮ ಮನೆಯೇ ಇತ್ತು. ಖರೇ ಹೇಳಬೇಕೆಂದರೆ ಮೊದಲು ಸಿಟ್ಟು ಬಂತು, ಆಮೇಲೆ ಖುಷಿ.

ಗ್ರೀಕರ ಮಿಟೋಸ್ ಯಾವುದೋ ಒಂದು ದಾರ ಅಂತಲೂ ಅಲ್ಲ, ಮಗ್ಗದ್ದೇ ಶಬ್ದ. ಹೋಮರನ ಇಲಿಯಡ್‌ನಲ್ಲಿ ಒಂದು ಓಟದ ಪಂದ್ಯ ಬರುತ್ತದೆ. ಮುಂದೆ ಏಜಾಕ್ಸ್ ಓಡುತ್ತಿದ್ದಾನೆ, ಬೆನ್ನಿಗೇ ಒಡಿಸ್ಯೂಸ್. ಎಷ್ಟು ಹತ್ತಿರ ಅಂದರೆ, ನೇಯುವ ಹೆಂಗಸು ಹಾಸಿನ ನಡುವೆ ನೂಲು ದಾಟಿಸುವಾಗ ಮಗ್ಗದ ಕೋಲು ಅವಳ ಎದೆಗೆ ಎಷ್ಟು ಹತ್ತಿರ ಬರುತ್ತದೋ ಅಷ್ಟು ಹತ್ತಿರ. ಆ ಸಾಲಿನಲ್ಲಿ ಈ ಮಿಟೋಸ್ ಇದೆ. ಇಬ್ಬರು ಗಂಡಸರ ಓಟವನ್ನು ಅಳೆಯಲು ಆ ಕವಿಗೆ ಹೆಂಗಸಿನ ಮಗ್ಗವೇ ಬೇಕಾಯಿತು. ಇದನ್ನು ಅಪ್ಪನಿಗೆ ಹೇಳಿದಾಗ, "ಅವರವ್ವ ನೇಯ್ತಿರಬೇಕು" ಅಂದ.

ಕಾಂಡ್ರೋಸ್ ಕತೆ ಇನ್ನೂ ಮಜಾ ಇದೆ. ಗ್ರೀಕರು ಗೋಧಿಯ ತರಿಗೆ, ಒರಟಾಗಿ ಒಡೆದ ಕಾಳಿಗೆ ಅದನ್ನು ಬಳಸಿದರು. ಅದೇ ಶಬ್ದವನ್ನು ಕೀಲುಗಳಲ್ಲಿ, ಕಿವಿ ಮೂಗಿನಲ್ಲಿ ಇರುವ ಮೆತ್ತನೆ ಎಲುಬಿಗೂ ಬಳಸಿದರು. ಅಪ್ಪನಿಗೆ ಎರಡು ವರ್ಷದಿಂದ ಮೊಣಕಾಲು ನೋವು. ನಲವತ್ತು ವರ್ಷ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಪೆಡಲು ತುಳಿದವನು. ಡಾಕ್ಟರು ಬರೆದುಕೊಟ್ಟ ಗುಳಿಗೆಯ ಚೀಟಿ ಮೇಲೆ ಸಣ್ಣ ಅಕ್ಷರದಲ್ಲಿ 'ಕಾಂಡ್ರಾಯಿಟಿನ್' ಅಂತ ಇರುತ್ತದೆ. ಅದೂ ಇದೇ ನುಚ್ಚೇ. ಪಕ್ಕೆಲುಬಿನ ಮೆತ್ತನೆ ಎಲುಬಿನ ಕೆಳಗಿನ ಜಾಗಕ್ಕೆ ಹೈಪೋಕಾಂಡ್ರಿಯಾ ಅಂದರು. ದುಗುಡ, ಚಿಂತೆ ಎಲ್ಲ ಅಲ್ಲೇ ಹುಟ್ಟುತ್ತವೆ ಅಂತ ಆಗಿನವರ ನಂಬಿಕೆ. ಹಾಗಾಗಿ ಇಲ್ಲದ ರೋಗ ಇದೆ ಅಂತ ಕೊರಗುವವರ ಕಾಯಿಲೆಗೂ ಅದೇ ಹೆಸರು ಅಂಟಿತು. ನುಚ್ಚಿನಿಂದ ಹೊರಟ ಶಬ್ದ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಇವೆರಡನ್ನು ಕೂಡಿಸಿ ಹೆಸರಿಟ್ಟವನು ಕಾರ್ಲ್ ಬೆಂಡಾ ಅನ್ನುವ ಜರ್ಮನ್. 1898ರಲ್ಲಿ. ಜೀವಕೋಶದೊಳಗೆ ಸಣ್ಣ ಕಾಳಿನಂಥವು ಇವೆ ಅನ್ನುವುದು ಅವನಿಗಿಂತ ಮೊದಲೇ ಗೊತ್ತಿತ್ತು. 1857ರಲ್ಲಿ ಕೊಲಿಕರ್ ಹುಳುಗಳ ಸ್ನಾಯುವಿನಲ್ಲಿ ಅಂಥವನ್ನು ನೋಡಿದ್ದ. 1890ರಲ್ಲಿ ಆಲ್ಟ್‌ಮನ್ ಅವಕ್ಕೆ ಬಯೋಬ್ಲಾಸ್ಟ್ ಅಂತ ಕರೆದು, ಜೀವದ ಮೂಲ ಇವೇ ಅಂತ ವಾದ ಹೂಡಿದ. ದೊಡ್ಡ ಹೆಸರು, ದೊಡ್ಡ ವಾದ. ಹೆಚ್ಚಿನವರು ಒಪ್ಪಲಿಲ್ಲ. ಬೆಂಡಾ ವೀರ್ಯಾಣು ಬೆಳೆಯುವ ಜೀವಕೋಶಗಳನ್ನು ನೋಡುತ್ತಿದ್ದ. ಅಲ್ಲಿ ಆ ಕಾಳುಗಳು ಒಂದರ ಹಿಂದೆ ಒಂದು ನಿಂತು ದಾರದ ಹಾಗೆ ಕಂಡವು. ಕಂಡದ್ದನ್ನು ಕಂಡ ಹಾಗೆ ಹೇಳಿದ: ಎಳೆ-ನುಚ್ಚು. ಅವು ಏನು ಕೆಲಸ ಮಾಡುತ್ತವೆ ಅಂತ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೆಸರಿನೊಳಗೆ ತುರುಕಲೂ ಇಲ್ಲ. ಆಲ್ಟ್‌ಮನ್‌ನ ಹೆಸರು ಹೋಯಿತು, ಬೆಂಡಾನದು ಉಳಿಯಿತು. ನನಗೆ ಬೆಂಡಾ ಹಿಡಿಸುವುದು ಇದಕ್ಕೇ.

ಇನ್ನೊಂದು ಕಾರಣವೂ ಇದೆ. ಅವನೂ ಬಣ್ಣ ಹಾಕುವವನೇ. ಮೈಟೋಕಾಂಡ್ರಿಯಾ ಕಾಣಿಸಲು ಅವನು ಕಂಡುಕೊಂಡ ಪದ್ಧತಿಯಲ್ಲಿ ಎರಡು ಬಣ್ಣ ಬರುತ್ತವೆ, ಅಲಿಜರಿನ್ ಮತ್ತು ಕ್ರಿಸ್ಟಲ್ ವಯಲೆಟ್. ಅಲಿಜರಿನ್ ಮೂಲದಲ್ಲಿ ಬಟ್ಟೆಯ ಕೆಂಪು. ನಮ್ಮ ಮಂಜಿಷ್ಠದ ಜಾತಿಯ ಒಂದು ಗಿಡದ ಬೇರಿನಿಂದ ತೆಗೆಯುತ್ತಿದ್ದರು, ಆಮೇಲೆ ಕಾರ್ಖಾನೆಯಲ್ಲಿ ಮಾಡುವುದನ್ನು ಕಲಿತರು.

ಈ ಬಣ್ಣದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಇದು ನನ್ನ ದಿನದ ಕೆಲಸ. ಲ್ಯಾಬಿನಲ್ಲಿ ತುಣುಕನ್ನು ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್ ಅನ್ನುವ ಯಂತ್ರದಲ್ಲಿ ನಾಲ್ಕು ಮೈಕ್ರಾನ್ ದಪ್ಪಕ್ಕೆ ಹೆರೆಯುತ್ತೇವೆ. ಹಿಡಿಕೆ ತಿರುವಿದಂತೆ ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ ಹಾಗೆ ಇಳಿಯುತ್ತದೆ. ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳು. ಅದನ್ನು ಬಿಸಿನೀರಿನ ಮೇಲೆ ತೇಲಿಸಿ, ಸುಕ್ಕು ಬಿಡಿಸಿ, ಗಾಜಿನ ಮೇಲೆ ಎತ್ತಿಕೊಳ್ಳಬೇಕು. ಆ ಹೊತ್ತಿಗೆ ಅದಕ್ಕೆ ಯಾವ ಬಣ್ಣವೂ ಇರುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಏನೂ ಕಾಣುವುದಿಲ್ಲ ಅಂದರೂ ನಡೆಯುತ್ತದೆ. ಆಮೇಲೆ ಹೆಮಟಾಕ್ಸಿಲಿನ್‌ನಲ್ಲಿ ಅದ್ದುತ್ತೇವೆ. ತೆಗೆದು ನಲ್ಲಿ ನೀರು ಬಿಡುತ್ತೇವೆ. ಕೆಂಪು-ನೇರಳೆ ಇದ್ದದ್ದು ನಿಧಾನ ನೀಲಿಗೆ ತಿರುಗುತ್ತದೆ. ಜೀವಕೋಶದ ನಡುವಿನ ಬೀಜ ಎದ್ದು ಕಾಣುತ್ತದೆ. ಸಾವಿರಾರು ಸಲ ನೋಡಿದ್ದೇನೆ, ಈಗಲೂ ನಲ್ಲಿಯ ಕೆಳಗೆ ನೀಲಿ ಬರುವ ಗಳಿಗೆ ಬೇಸರ ಅನ್ನಿಸಿಲ್ಲ.

ಹೆಮಟಾಕ್ಸಿಲಿನ್ ಬರುವುದು ಮೆಕ್ಸಿಕೋ ಕಡೆಯ ಒಂದು ಮರದ ಕಟ್ಟಿಗೆಯಿಂದ. ಯುರೋಪಿನವರು ಅದನ್ನು ಹಡಗುಗಟ್ಟಲೆ ತರಿಸಿದ್ದು ಸ್ಲೈಡಿಗಲ್ಲ, ಬಟ್ಟೆಗೆ. ಕಪ್ಪು, ನೀಲಿ ಬಟ್ಟೆಗೆ. ಅದಕ್ಕೆ ಪಟಕದಂಥದ್ದು ಏನಾದರೂ ಕೂಡಿಸದಿದ್ದರೆ ಬಣ್ಣ ಹಿಡಿಯುವುದಿಲ್ಲ, ಲ್ಯಾಬಿನ ಬಾಟಲಿಯಲ್ಲೂ ಪಟಕ ಇದೆ. ಮೊದಲ ಸಲ ಆ ರೆಸಿಪಿ ಓದಿದಾಗ ನನಗೆ ಅಪ್ಪನ ಮಾತು ನೆನಪಾಯಿತು. ನಮ್ಮ ಮುತ್ತಜ್ಜನ ಕಾಲಕ್ಕೆ ನೂಲಿಗೆ ಮನೆಯಲ್ಲೇ ಬಣ್ಣ ಹಾಕುತ್ತಿದ್ದರಂತೆ. "ಪಟಕ ಇಲ್ಲದ ಬಣ್ಣ ಬೀಗರಿದ್ದಂಗ, ಮೊದಲ್ನೇ ಒಗೆತಕ್ಕ ಹೊಂಟು ಹೊಕ್ಕತಿ" ಅನ್ನುತ್ತಿದ್ದ.

ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಸ್ಲೈಡುಗಳಲ್ಲಿ ಮೈಟೋಕಾಂಡ್ರಿಯಾ ಬಿಡಿಬಿಡಿಯಾಗಿ ಕಾಣುವುದಿಲ್ಲ. ಅವಕ್ಕೆ ಬೇರೆ ಬಣ್ಣ, ಬೇರೆ ಹದ ಬೇಕು. ನಾನು ದಿನಾ ನೋಡುವುದು ಬಣ್ಣದ ಇನ್ನೊಂದು ಎಳೆಯನ್ನು.

1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಅನ್ನುವ 18 ವರ್ಷದ ಹುಡುಗ ಮಲೇರಿಯಾ ಔಷಧ ಕ್ವಿನೈನ್ ಮಾಡಲು ಹೋಗಿ, ಮಾಡಲಾಗದೆ, ನೇರಳೆ ಬಣ್ಣ ಮಾಡಿಬಿಟ್ಟ. ಅಲ್ಲಿಂದ ಅನಿಲೀನ್ ಬಣ್ಣಗಳ ಕಾರ್ಖಾನೆಗಳು ಎದ್ದವು. ಬಟ್ಟೆಗೆ ಅಂತ ಮಾಡಿದ ಆ ಬಣ್ಣಗಳನ್ನು ಜರ್ಮನ್ ವಿಜ್ಞಾನಿಗಳು ಜೀವಕೋಶಕ್ಕೆ ಹಚ್ಚಿ ನೋಡಿದರು. ವಾಲ್ಟರ್ ಫ್ಲೆಮಿಂಗ್ ಅವರಲ್ಲಿ ಒಬ್ಬ. ಸಾಲಮಾಂಡರ್ ಅಂತ ಹಲ್ಲಿಯ ಹಾಗೆ ಕಾಣುವ, ಕಪ್ಪೆಯ ಕಡೆಯ ಪ್ರಾಣಿ ಇದೆ. ಅದರ ಮರಿಗಳ ಜೀವಕೋಶ ದೊಡ್ಡವು. ಬಣ್ಣ ಹಾಕಿದಾಗ ಬೀಜದೊಳಗಿನ ಒಂದು ವಸ್ತು ಮಾತ್ರ ಗಪ್ಪನೆ ಬಣ್ಣ ಕುಡಿಯಿತು. ಅದಕ್ಕೆ ಅವನು ಕ್ರೊಮಾಟಿನ್ ಅಂದ, ಕ್ರೋಮಾ ಅಂದರೆ ಬಣ್ಣ. ಜೀವಕೋಶ ಒಡೆದು ಎರಡಾಗುವಾಗ ಆ ವಸ್ತು ಎಳೆ ಎಳೆಯಾಗಿ ಬಿಡಿಸಿಕೊಂಡು, ಒಂದೊಂದು ಎಳೆಯೂ ಉದ್ದಕ್ಕೆ ಸೀಳಿ, ಎರಡು ಕಡೆಗೆ ಹಂಚಿಹೋಗುವುದನ್ನು ನೋಡಿದ. ಆ ಕ್ರಿಯೆಗೆ 1882ರಲ್ಲಿ ಮೈಟಾಸಿಸ್ ಅಂತ ಹೆಸರಿಟ್ಟ. ಮತ್ತದೇ ಮಿಟೋಸ್. ಎಳೆಯಾಗುವುದು, ಅಷ್ಟೇ.

ನಮ್ಮ ಡಾಕ್ಟರು ಗಡ್ಡೆಯ ಸ್ಲೈಡು ನೋಡುವಾಗ ಇಂಥ ಎಳೆ ಬಿಡಿಸಿಕೊಂಡ ಜೀವಕೋಶ ಎಷ್ಟು ಅಂತ ಎಣಿಸುತ್ತಾರೆ. ಜಾಸ್ತಿ ಇದ್ದರೆ ಗಡ್ಡೆ ಜೋರಾಗಿ ಬೆಳೆಯುತ್ತಿದೆ ಅಂತ. ಅವರು ಎಣಿಸುವಾಗ ರೂಮಿನಲ್ಲಿ ಯಾರೂ ಮಾತಾಡುವುದಿಲ್ಲ.

ಮೈಟಾಸಿಸ್ಸು, ಮಿಯಾಸಿಸ್ಸು ಅಂತ ಪರೀಕ್ಷೆಯಲ್ಲಿ ಅದಲು ಬದಲು ಬರೆದು ಬಂದವರು ನಮ್ಮಲ್ಲಿ ಎಷ್ಟು ಜನ! ಮಿಯಾಸಿಸ್ ಅಂದರೆ ಗ್ರೀಕಿನಲ್ಲಿ ಕಡಿಮೆಯಾಗುವುದು. ಅದರಲ್ಲಿ ವರ್ಣತಂತುಗಳ ಲೆಕ್ಕ ಅರ್ಧಕ್ಕಿಳಿಯುತ್ತದೆ. ಒಂದು ಎಳೆ, ಇನ್ನೊಂದು ಇಳಿಕೆ. ಇದನ್ನು ಹೇಳಲು ಅರ್ಧ ನಿಮಿಷ ಸಾಕು. ಯಾರೂ ಹೇಳಲಿಲ್ಲ.

ವರ್ಣತಂತು ಅಂದೆನಲ್ಲ, ಅಲ್ಲಿ ನಮ್ಮವರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. 1888ರಲ್ಲಿ ವಾಲ್ಡೆಯರ್ ಕ್ರೋಮೋಸೋಮ್ ಅಂತ ಹೆಸರಿಟ್ಟಾಗ ಅದರ ಅರ್ಥ ಬಣ್ಣದ ಮೈ. ಸೋಮಾ ಅಂದರೆ ಮೈ. ಕನ್ನಡಕ್ಕೆ ತರುವಾಗ ಯಾರೋ ಪುಣ್ಯಾತ್ಮರು ಮೈ ಬಿಟ್ಟು ತಂತು ಹಿಡಿದರು. ಬಣ್ಣದ ಎಳೆ! ಮೂಲಕ್ಕಿಂತ ಇದೇ ಚೆಂದ, ಇದೇ ಸರಿ. ಮನುಷ್ಯನ ಒಂದು ಜೀವಕೋಶದ 46 ವರ್ಣತಂತುಗಳ ಡಿಎನ್ಎ ಬಿಚ್ಚಿ ಉದ್ದಕ್ಕೆ ಹಿಡಿದರೆ ಸುಮಾರು ಎರಡು ಮೀಟರ್ ಆಗುತ್ತದೆ. ಅದನ್ನು ಎಳೆ ಅನ್ನದೆ ಇನ್ನೇನು ಅನ್ನುವುದು? ಹಾಗೆ ನೋಡಿದರೆ ಹಿಂದಿಯವರು ಮೈಟೋಕಾಂಡ್ರಿಯಾವನ್ನೂ ಬಿಡಲಿಲ್ಲ. ಅವರ ಪುಸ್ತಕದಲ್ಲಿ ಅದು ಸೂತ್ರಕಣಿಕಾ. ದಾರ, ಕಣ, ಎರಡೂ ಬಂದವು.

ಆದರೆ ಟಿಶ್ಯೂ ಅನ್ನುವ ಶಬ್ದದಲ್ಲಿ ನಮಗೆ ನಷ್ಟ ಆಗಿದೆ. ಕನ್ನಡದಲ್ಲಿ ಅದಕ್ಕೆ ಅಂಗಾಂಶ. ಅಂಗದ ಅಂಶ. ತಪ್ಪೇನಿಲ್ಲ, ಆದರೆ ಗಂಜಿ ಹಾಕದ ನೂಲಿನ ಹಾಗೆ, ಕೈಗೆ ಹಿಡಿತ ಸಿಗುವುದಿಲ್ಲ. ಫ್ರೆಂಚರ ಟಿಸ್ಸು ಅಂದರೆ ನೇಯ್ದದ್ದು, ಬಟ್ಟೆ. ದೇಹ ಹಲವು ಥರದ ಬಟ್ಟೆಗಳಿಂದ ಆಗಿದೆ ಅಂತ ವಿಂಗಡಿಸಿ ತೋರಿಸಿದವನು ಬಿಶಾ ಅನ್ನುವ ಫ್ರೆಂಚ್ ವೈದ್ಯ. 1800ರ ಆಸುಪಾಸಿನಲ್ಲಿ 21 ಥರ ಅಂತ ಲೆಕ್ಕ ಕೊಟ್ಟ. ಸೂಕ್ಷ್ಮದರ್ಶಕ ಮುಟ್ಟಲಿಲ್ಲ, ಅದನ್ನು ನಂಬುತ್ತಲೂ ಇರಲಿಲ್ಲ. ಹೆಣ ಕೊಯ್ದು, ಎಳೆದು, ಕುದಿಸಿ, ಒಣಗಿಸಿ, ಕೈಯಲ್ಲಿ ಮುಟ್ಟಿ ನೋಡಿಯೇ ಹೇಳಿದ. 30 ವರ್ಷಕ್ಕೆ ಸತ್ತುಹೋದ. ಬಟ್ಟೆ ಅಂಗಡಿಯಲ್ಲಿ ಅವ್ವ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ "ಇದು ಪಾಲಿಸ್ಟರ್ ಕೂಡೇತಿ" ಅನ್ನುತ್ತಾಳಲ್ಲ, ಹಾಗೆ.

ನಾನು ಮಾಡುವ ಕೆಲಸದ ಹೆಸರಿನಲ್ಲಿಯೇ ಮಗ್ಗ ಇದೆ. ಹಿಸ್ಟಾಲಜಿ. 1819ರಲ್ಲಿ ಮಾಯರ್ ಅನ್ನುವವನು ಇಟ್ಟ ಹೆಸರು. ಗ್ರೀಕಿನ ಹಿಸ್ಟೋಸ್ ಅಂದರೆ ಮಗ್ಗ, ಮಗ್ಗದ ಮೇಲಿನ ಬಟ್ಟೆ, ಹಡಗಿನ ಕಂಬವೂ ಹೌದು. ಮಗ್ಗಕ್ಕೂ ಹಡಗಿನ ಕಂಬಕ್ಕೂ ಏನು ಸಂಬಂಧ ಅಂತ ನನಗೆ ಬಹಳ ದಿನ ತಿಳಿಯಲಿಲ್ಲ. ಆ ಶಬ್ದದ ಬೇರು 'ನಿಲ್ಲು' ಅನ್ನುವುದಂತೆ. ಗ್ರೀಕರ ಮಗ್ಗ ನಿಂತ ಮಗ್ಗ. ಮೇಲಿನ ಅಡ್ಡಗಂಬದಿಂದ ಹಾಸಿನ ಎಳೆಗಳು ಕೆಳಕ್ಕೆ ಇಳಿಬಿದ್ದಿರುತ್ತಿದ್ದವು, ತುದಿಗೆ ಮಣ್ಣಿನ ಗುಂಡು ಕಟ್ಟುತ್ತಿದ್ದರು. ನೇಯುವವಳು ನಿಂತು, ಆ ಕಡೆ ಈ ಕಡೆ ನಡೆದಾಡುತ್ತಾ ನೇಯಬೇಕು. ನಮ್ಮದು ನೆಲದ ಕುಣಿಯಲ್ಲಿ ಕಾಲಿಟ್ಟು ಕೂತು ನೇಯುವ ಮಗ್ಗ, ಹಾಸು ಮಲಗಿರುತ್ತದೆ. ಈ ವಿದ್ಯೆ ನಮ್ಮ ಬೆಟಗೇರಿಯಲ್ಲಿ ಹುಟ್ಟಿದ್ದರೆ ಅದಕ್ಕೆ ಕೂತ ಹೆಸರು ಬರುತ್ತಿತ್ತೋ ಏನೋ.

ಮಗ್ಗದಿಂದ ಮಾತು ಹುಟ್ಟುವುದು ನಮಗೇನು ಹೊಸದಲ್ಲ. ಬದುಕಿನಲ್ಲಿ ಏನಾದರೂ ಎಲ್ಲ ಕಡೆ ಬೆರೆತುಹೋಗಿದ್ದರೆ ಹಾಸುಹೊಕ್ಕಾಗಿದೆ ಅನ್ನುತ್ತೇವೆ. ಪೇಪರಿನವರು, ಭಾಷಣದವರು ದಿನಾ ಅನ್ನುತ್ತಾರೆ, ಹಾಸು ಯಾವುದು ಹೊಕ್ಕು ಯಾವುದು ಅಂತ ಕೇಳಿದರೆ ಎಷ್ಟು ಜನ ಹೇಳಿಯಾರು? ಜೇಡ ಅಂದರೆ ಬಲೆ ನೇಯುವ ಹುಳವೂ ಹೌದು, ಬಟ್ಟೆ ನೇಯುವವನೂ ಹೌದು. ಜೇಡರ ದಾಸಿಮಯ್ಯನ ಹೆಸರಿನ ಜೇಡ ಈ ಎರಡನೆಯದು. ಜೀವಕೋಶದ ಕೋಶವೂ ನೂಲಿಗೆ ದೂರದ್ದಲ್ಲ. ಸಂಸ್ಕೃತದಲ್ಲಿ ಕೋಶ ಅಂದರೆ ಭಂಡಾರ, ಒರೆ, ರೇಷ್ಮೆ ಹುಳದ ಗೂಡು. ರೇಷ್ಮೆಗೆ ಕೌಶೇಯ ಅನ್ನುವುದು ಅದರಿಂದಲೇ. ಇಂಗ್ಲಿಷಿನ ಸೆಲ್‌ನಲ್ಲಿ ಈ ಸೊಗಸಿಲ್ಲ. ಅದು ಲ್ಯಾಟಿನ್ನಿನ ಸಣ್ಣ ಕೋಣೆ. 1665ರಲ್ಲಿ ರಾಬರ್ಟ್ ಹುಕ್ ಬೂಚಿನ ತೆಳು ಚೂರನ್ನು ನೋಡಿ, ಜೇನುಹಲ್ಲೆಯ ಹಾಗಿದೆ ಅಂತ ಆ ಹೆಸರಿಟ್ಟ. ಒಂದು ಘನ ಇಂಚಿನಲ್ಲಿ 125 ಕೋಟಿಗೂ ಜಾಸ್ತಿ ಕೋಣೆ ಅಂತ ಲೆಕ್ಕ ಹಾಕಿದ. ಅವನು ನೋಡಿದ್ದು ಮರದ ತೊಗಟೆಯ ಸತ್ತ, ಖಾಲಿ ಕೋಣೆಗಳು. ನಮ್ಮದು ಒಳಗೆ ಎಳೆ ಸುತ್ತಿಟ್ಟ ಗೂಡು. ಕನ್ನಡದಲ್ಲಿ ಈ ಶಬ್ದ ಆರಿಸಿದವರು ರೇಷ್ಮೆ ಗೂಡನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಅಂತ ನಾನು ಹೇಳುತ್ತಿಲ್ಲ. ಆದರೆ ಕೂಡಿಬಂದಿದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಹುಡುಗಿಯ ಪುಸ್ತಕದಲ್ಲಿ ಮೈಟೋಕಾಂಡ್ರಿಯಾದ ಚಿತ್ರ ಇತ್ತು. ಸೀಳಿದ ಶೇಂಗಾಕಾಯಿಯ ಹಾಗೆ. ಒಳಗೆ ಅಂಕುಡೊಂಕು ಮಡಿಕೆ. ನಮ್ಮ ಕಾಲದ ಪುಸ್ತಕದಲ್ಲೂ ಇದೇ ಶೇಂಗಾ. ನಾನೂ ಅಳಿಸಿ ಅಳಿಸಿ ಬರೆದವಳೇ. ಆದರೆ ಬೆಂಡಾ ಎಳೆ ಅಂದನಲ್ಲ, ಎಳೆ ಎಲ್ಲಿ ಹೋಯಿತು?

ಎಳೆ ಕತ್ತರಿಸಿ ಹೋಯಿತು. 1950ರ ದಶಕದ ಹೊತ್ತಿಗೆ ಜೀವಕೋಶ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಳಕೆಗೆ ಬಂತು. ಅದರಲ್ಲಿ ನೋಡಬೇಕಾದರೆ ಜೀವಕೋಶವನ್ನು ಒಂದು ಮೈಕ್ರಾನಿನ ಹತ್ತನೇ ಒಂದು ಭಾಗಕ್ಕಿಂತಲೂ ತೆಳ್ಳಗೆ ಹೆರೆಯಬೇಕು. ಒಂದು ಲಡಿ ನೂಲು ತೆಗೆದುಕೊಂಡು ಚಾಕುವಿನಿಂದ ಅಡ್ಡ ಕೊಯ್ದು, ಕೊಯ್ದ ಮುಖವನ್ನು ನೋಡಿ. ಏನು ಕಾಣುತ್ತದೆ? ದುಂಡನೆ ಚುಕ್ಕಿಗಳು, ಓರೆಯಾಗಿ ಸಿಕ್ಕಲ್ಲಿ ಮೊಟ್ಟೆಯಾಕಾರ. ಉದ್ದದ ಎಳೆ ಒಂದೂ ಕಾಣುವುದಿಲ್ಲ. ಜಾರ್ಜ್ ಪಲಾಡೆ ಅನ್ನುವ ವಿಜ್ಞಾನಿ ಅಂಥ ಕೊಯ್ತಗಳಲ್ಲಿ ಒಳಗಿನ ಮಡಿಕೆಗಳನ್ನು ಅಷ್ಟು ಚೆಂದ ತೋರಿಸಿದ, ಅದೇ ಚಿತ್ರ ಪುಸ್ತಕಗಳಿಗೆ ಹೋಯಿತು, ಅದೇ ನಿಂತಿತು. ಪಲಾಡೆಯ ತಪ್ಪಲ್ಲ. ಕೊಯ್ತವನ್ನೇ ಇಡೀ ವಸ್ತು ಅಂದುಕೊಂಡದ್ದು ನಮ್ಮ ತಪ್ಪು. ದಿನಾ ಕೊಯ್ಯುವವಳು ನಾನು, ನನಗೂ ಹೊಳೆದಿರಲಿಲ್ಲ.

ಜೀವಂತ ಜೀವಕೋಶದಲ್ಲಿ ನೋಡಿದರೆ ಬೇರೆಯೇ ಲೋಕ. 1915ರಷ್ಟು ಹಿಂದೆಯೇ ಮಾರ್ಗರೆಟ್ ಮತ್ತು ವಾರನ್ ಲೂಯಿಸ್ ದಂಪತಿ ಕೋಳಿಮರಿಯ ಭ್ರೂಣದ ಜೀವಕೋಶಗಳನ್ನು ಗಾಜಿನಲ್ಲಿ ಬೆಳೆಸಿ, ಮೈಟೋಕಾಂಡ್ರಿಯಾ ಉದ್ದವಾಗುವುದು, ಕವಲೊಡೆಯುವುದು, ತುಂಡಾಗುವುದು, ಮತ್ತೆ ಕೂಡುವುದು ಎಲ್ಲವನ್ನೂ ಬರೆದಿಟ್ಟಿದ್ದರು. ಈಗ ಹೊಳೆಯುವ ಬಣ್ಣ ಹಾಕಿ ತೆಗೆದ ವಿಡಿಯೋಗಳು ಮೊಬೈಲಿನಲ್ಲೇ ಸಿಗುತ್ತವೆ. ಎಲ್ಲ ಜೀವಕೋಶದಲ್ಲೂ ದಾರವೇ ಅಂತಲ್ಲ, ಕೆಲವೆಡೆ ಗುಂಡಗೂ ಇರುತ್ತವೆ. ಆದರೆ ಬಹಳ ಕಡೆ ಅದು ಉದ್ದನೆಯ ಎಳೆಗಳ ಜಾಲ. ಒಂದು ಎಳೆ ನಡುವೆ ಹರಿಯುತ್ತದೆ. ಇನ್ನೊಂದು ಬಂದು ತುದಿಗೆ ತುದಿ ಹತ್ತಿ ಒಂದಾಗುತ್ತದೆ. ಹರಿಯುವುದು, ಕೂಡುವುದು, ಹರಿಯುವುದು, ಕೂಡುವುದು. ಹರಿದು ಬಿಡಿಯಾದಾಗ ನುಚ್ಚು, ಕೂಡಿದಾಗ ಎಳೆ. 1898ರ ಹೆಸರು ಇವತ್ತಿನ ಪುಸ್ತಕದ ಚಿತ್ರಕ್ಕಿಂತ ಸತ್ಯಕ್ಕೆ ಹತ್ತಿರ ಇದೆ.

ಅಂಥ ಒಂದು ವಿಡಿಯೋ ಹಾಕಿ ಅವ್ವನ ಮುಂದೆ ಹಿಡಿದೆ. ಕನ್ನಡಕ ಮೇಲೇರಿಸಿ, ಕೈಯಲ್ಲಿದ್ದ ಎಳೆ ಬಿಡದೆ ನೋಡಿದಳು. ಕಪ್ಪು ಪರದೆಯ ಮೇಲೆ ಹಸಿರು ದಾರಗಳು ಹೊರಳಾಡುತ್ತಿದ್ದವು. ಎರಡು ತುದಿ ಹತ್ತಿರ ಬಂದವು, ಮುಟ್ಟಿದವು, ಒಂದಾದವು.

"ಇವು ಕೆಚ್ಚಾಕತ್ತಾವಲ್ಲs" ಅಂದಳು.

ಇದಕ್ಕೆ ಇಂಗ್ಲಿಷಿನಲ್ಲಿ ಫ್ಯೂಷನ್ ಅನ್ನುತ್ತಾರೆ. ಕನ್ನಡದಲ್ಲಿ ಸಂಲಯನ, ಸಮ್ಮಿಲನ ಅಂತೆಲ್ಲ ಬರೆಯಬಹುದು. ನನಗೆ ಇನ್ನು ಮುಂದೆ ಅದು ಕೆಚ್ಚೇ.

ಹುಡುಗಿ ಅಷ್ಟರಲ್ಲಿ ಪುಸ್ತಕ ಮುಚ್ಚಿ ನಮ್ಮ ಪಕ್ಕ ಬಂದು ಕೂತಿದ್ದಳು. "ಹಂಗಾರ ಶಕ್ತಿಕೇಂದ್ರ ಅಂಬೋದು ಸುಳ್ಳೇನ ಅತ್ತಿ?" ಅಂದಳು. ಸುಳ್ಳಲ್ಲ. ಉಂಡ ಅನ್ನವನ್ನು ಮೈಗೆ ಬೇಕಾದ ಶಕ್ತಿಯ ರೂಪಕ್ಕೆ ತರುವ ಕೆಲಸ ಹೆಚ್ಚಿನಂಶ ಅಲ್ಲೇ ಆಗುತ್ತದೆ. ಆದರೆ ಆ ಮಾತು 1957ರದ್ದು, ಫಿಲಿಪ್ ಸೀಕೆವಿಟ್ಜ್ ಅನ್ನುವ ವಿಜ್ಞಾನಿ ಅಮೆರಿಕದ ಒಂದು ಪತ್ರಿಕೆಗೆ ಬರೆದ ಲೇಖನದ ತಲೆಬರಹ. ಆಗ ಊರೂರಿಗೆ ಪವರ್‌ಹೌಸು ಏಳುತ್ತಿದ್ದ ಕಾಲ. ಅವನ ಕಾಲಕ್ಕೆ ಅದು ಕಣ್ಣ ಮುಂದಿನ ಹೋಲಿಕೆ. ಈಗ ಅದು ಎಷ್ಟು ಗಟ್ಟಿ ಕೂತಿದೆ ಅಂದರೆ ಹುಡುಗರಿಗೆ ಮೈಟೋಕಾಂಡ್ರಿಯಾ ಬಗ್ಗೆ ಗೊತ್ತಿರುವುದು ಆ ಒಂದೇ ವಾಕ್ಯ. ಗದಗಿನ ಸುತ್ತ ಗುಡ್ಡದ ಮೇಲೆಲ್ಲ ಗಾಳಿಗಿರಣಿ ತಿರುಗುವುದನ್ನು ನೋಡಿ ಬೆಳೆದ ಹುಡುಗಿ ಇವಳು. ಶಕ್ತಿಕೇಂದ್ರ ಅಂದರೆ ಅದೇ ಕಣ್ಣಿಗೆ ಬರುತ್ತದಂತೆ. ಜೀವಕೋಶದೊಳಗೆ ರೆಕ್ಕೆ ತಿರುಗುತ್ತಿರುತ್ತವೆ ಅಂದುಕೊಂಡಿದ್ದಳು.

"ನೂಲುನುಚ್ಚು ಅಂತ ಬರದ್ರ ಮಾರ್ಕ್ಸ್ ಕೊಡ್ತಾರೇನ?"

ಕೊಡಲಿಕ್ಕಿಲ್ಲ. ಬರೆಯಬೇಡ ಅಂದೆ. ಹೊಸ ಕನ್ನಡ ಪದ ಕಟ್ಟಬೇಕು ಅನ್ನುವ ಹಟ ನನಗಿಲ್ಲ. ಮೈಟೋಕಾಂಡ್ರಿಯಾ ಮೈಟೋಕಾಂಡ್ರಿಯಾ ಆಗಿಯೇ ಇರಲಿ, ನಾಳೆ ಅವಳು ಧಾರವಾಡಕ್ಕೋ ಬೆಂಗಳೂರಿಗೋ ಹೋದಾಗ ಅದೇ ಬೇಕಾಗುತ್ತದೆ. ಬೋರ್ಡಿನ ಮೇಲೆ ಬರೆಯುವವರು ಪಕ್ಕದಲ್ಲಿ ಒಂದು ಎಳೆ, ಒಂದು ನುಚ್ಚು ಬಿಡಿಸಿ ತೋರಿಸಿದರೆ ಸಾಕು. ನನಗೆ ಅಷ್ಟು ಮಾಡಿದ್ದರೆ ಮಿಟೋಚೋಂಡ್ರಿಯಾ ಅಂದಿದ್ದಕ್ಕೆ ಕ್ಲಾಸು ನಕ್ಕಾಗ ಕಿವಿ ಅಷ್ಟು ಬಿಸಿಯಾಗುತ್ತಿರಲಿಲ್ಲ.

ಸಂಜೆ ಆಗಿತ್ತು. ಕೆಚ್ಚುವುದು ಇನ್ನೂ ಒಂದು ಗೇಣು ಅಗಲ ಉಳಿದಿತ್ತು. ಈ ಮೈಟೋಕಾಂಡ್ರಿಯಾಕ್ಕೆ ತನ್ನದೇ ಸಣ್ಣ ಡಿಎನ್ಎ ಇದೆ, ಬರೀ 37 ಜೀನುಗಳು, ಅದು ಮಕ್ಕಳಿಗೆ ಬರುವುದು ತಾಯಿಯಿಂದ ಮಾತ್ರ ಅಂತ ಹೇಳಿದೆ. ಇಷ್ಟು ಹೊತ್ತು ಹೂಂ ಹೂಂ ಅನ್ನುತ್ತಿದ್ದ ಅವ್ವ ಆಗ ಕೈ ನಿಲ್ಲಿಸಿದಳು.

"ಅಂದ್ರ ನಿನ್ನ ಮೈಯಾಗಿನ್ವು ನನ್ವು?"

"ಹೂಂ. ನಿನ್ವು. ನಿಮ್ಮವ್ವಂದು, ಅವರವ್ವಂದು."

"ನಿಮ್ಮಣ್ಣಗ?"

"ಅವಂಗೂ ನಿನ್ವs."

"ಇಕಿಗೆ?" ಅಂತ ಮೊಮ್ಮಗಳ ತಲೆ ಮೇಲೆ ಕೈ ಇಟ್ಟಳು.

ಇಲ್ಲ ಅಂದೆ. ಅಣ್ಣನಿಂದ ಮುಂದೆ ಹೋಗುವುದಿಲ್ಲ. ಇವಳಿಗೆ ಇವಳವ್ವನದು, ವೈನಿಯದು. ನನಗಿರುವುದು ಒಬ್ಬನೇ ಮಗ. ಅವನ ಮೈಯಲ್ಲಿ ಅವ್ವನದು ಇದೆ, ಅವನಾಚೆಗೆ ಇಲ್ಲ. ಇದನ್ನು ಹೇಳಬಾರದಿತ್ತು ಅಂತ ಹೇಳಿದ ಮೇಲೆ ಅನ್ನಿಸಿತು.

ಅವ್ವ ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಕೈಯಲ್ಲಿದ್ದ ಎಳೆಯನ್ನು ತಿರುವಿ ಕೂಡಿಸಿ, ಬೂದಿಯ ಬೆರಳು ಸೀರೆಗೆ ಒರೆಸಿಕೊಂಡು, ಕಂಬ ಹಿಡಿದು ಎದ್ದಳು.

"ಅದು ಇಲ್ಲಂದ್ರ ಇರವಲ್ದು. ಏ ಹುಡುಗಿ, ಬಾ. ಜ್ವಾಳದ ನುಚ್ಚು ಮಾಡೇನಿ, ಮಜ್ಜಿಗಿ ಹಾಕ್ತೀನಿ, ಉಣ್ಣು."